ಮದಗಕ್ಕೆ ವ್ಯಾಲಿಸ್ನೇರಿಯಾ ಗಿಡ: ಕೊಟ್ಟ ದುಡ್ಡಿಗೆ ಮೋಸವಿಲ್ಲ

ಪರ್ಕಳದ ನಮ್ಮ ಮನೆ ಹಿಂದೆ 3 ಅಡಿ ಆಳದ ಸಣ್ಣ ಮದಗ ಇದೆ. ನೀರು ಎಷ್ಟು ಹಸಿರಾಗಿತ್ತೆಂದರೆ ಕೈ ಅದ್ದಿದರೆ ಬೆರಳು ಕಾಣುತ್ತಿರಲಿಲ್ಲ. ಯಾರದೋ ಮಾತು ಕೇಳಿ ಒಮ್ಮೆ ಮೈಲುತುತ್ತ ಹಾಕಿದ್ದೆವು. ಪಾಚಿ ಸತ್ತು ಕೊಳೆತು ನೀರಿನ ಆಮ್ಲಜನಕ ಎಳೆದುಕೊಂಡಿತು. ಬೆಳಿಗ್ಗೆ ನೋಡಿದರೆ ಮೀನೆಲ್ಲ ಸತ್ತು ತೇಲುತ್ತಿದ್ದವು. ಇವತ್ತಿಗೂ ನೆನೆದರೆ ಸಂಕಟ ಆಗುತ್ತದೆ.

ನವೆಂಬರಿನಲ್ಲಿ ಉಡುಪಿಯ ಅಕ್ವೇರಿಯಂ ಅಂಗಡಿಯೊಂದರಿಂದ ನೀರೊಳಗೇ ಬೆಳೆಯುವ ವ್ಯಾಲಿಸ್ನೇರಿಯಾ ಗಿಡ 60 ತಂದೆ. ಒದ್ದೆ ಪೇಪರಿನಲ್ಲಿ ಸುತ್ತಿ ಕೊಟ್ಟಿದ್ದರು. ಬಿಳಿ ಬೇರು, ರಿಬ್ಬನ್ ತರಹದ ಎಲೆ, ಒಂದೂ ಕೊಳೆತಿರಲಿಲ್ಲ. "ಬುಡದ ಬಿಳಿ ಭಾಗ ಹೂಳಬೇಡಿ ಅಕ್ಕ, ಬೇರು ಮಾತ್ರ" ಎಂದು ಅಂಗಡಿಯ ಹುಡುಗ ತಾನೇ ನೆಟ್ಟು ತೋರಿಸಿದ. ಇಷ್ಟು ತಾಳ್ಮೆ ಯಾರಿಗಿದೆ ಹೇಳಿ?

ಗಿಡ ಮಾಡುವ ಕೆಲಸ ದೊಡ್ಡದು. ಪಾಚಿಗೆ ಬೇಕಾದ ಸಾರಜನಕ, ರಂಜಕವನ್ನು ತಾನು ಹೀರುತ್ತದೆ. ಬೇರು ಕೆಸರನ್ನು ಹಿಡಿದಿಡುತ್ತದೆ, ಗಾಳಿಗೆ ನೀರು ಕಲಕುವುದಿಲ್ಲ. ಪಾಚಿ ತಿನ್ನುವ ನೀರುಚಿಗಟ (ಡಾಫ್ನಿಯಾ) ಎಂಬ ಪುಟ್ಟ ಜೀವಿಗಳು ಎಲೆಗಳ ನಡುವೆ ಮೀನಿನ ಕಣ್ಣು ತಪ್ಪಿಸಿ ಬದುಕುತ್ತವೆ. ಆಳವಿಲ್ಲದ ಕೆರೆಗಳಲ್ಲೂ ಹೀಗೇ. ಗಿಡ ಹೋದರೆ ನೀರು ಕದಡುತ್ತದೆ, ಕದಡಿದ ನೀರಲ್ಲಿ ಬೆಳಕಿಲ್ಲದೆ ಗಿಡ ಮತ್ತೆ ಏಳುವುದಿಲ್ಲ. ಅದಕ್ಕೇ ನಾನು ದಡದ ಕಡೆ, ಬಿಸಿಲು ತಳ ಮುಟ್ಟುವಲ್ಲಿ ನೆಟ್ಟೆ.

ಫೆಬ್ರವರಿಗೆ ತಳದ ಮುರಕಲ್ಲು ಕಂಡಿತು! ಹಳದಿಯಾದ ಎಲೆ ಮಾತ್ರ ಆಗಾಗ ತೆಗೆಯಬೇಕು. ಬಿಟ್ಟರೆ ಅಲ್ಲೇ ಕೊಳೆತು ಹೀರಿದ್ದನ್ನೆಲ್ಲ ನೀರಿಗೇ ಬಿಡುತ್ತದೆ. ಬೆಲೆ ಸ್ವಲ್ಪ ಜಾಸ್ತಿ ಅನ್ನಿಸಿತ್ತು, ಆದರೆ ಈಗ ಬಳ್ಳಿ ಹಬ್ಬಿ ಮರಿಗಿಡಗಳೇ ನೂರು ದಾಟಿವೆ.