ಪುಣೆಯ ಗೇಮ್ 'ರಾಜಿ': ಚಿತ್ರ ಸೂಪರ್, ಆದರೆ ಮಾತು ಅಷ್ಟಕ್ಕೇ ಮುಗಿಯೋದಿಲ್ಲ

'ರಾಜಿ: ಆ್ಯನ್ ಏನ್ಶಿಯಂಟ್ ಎಪಿಕ್' ಅನ್ನೋ ವಿಡಿಯೋ ಗೇಮ್ ಆಡಿದವರನ್ನು ಹೇಗಿದೆ ಅಂತ ಕೇಳಿ ನೋಡಿ. ಹತ್ತರಲ್ಲಿ ಒಂಬತ್ತು ಜನ ಚಿತ್ರ (ಗ್ರಾಫಿಕ್ಸ್) ಸೂಪರ್ ಅಂತಾರೆ, ಅಲ್ಲಿಗೆ ಮುಗೀತು. ಚಿತ್ರ ಸೂಪರ್ ಅನ್ನೋದು ನಿಜವೇ. ಆದರೆ ಈ ಗೇಮ್ ಚೆನ್ನಾಗಿರೋ ಕಡೆಯೂ, ಎಡವಿದ ಕಡೆಯೂ ಕಾರಣ ಚಿತ್ರ ಅಲ್ಲ. ಯಾರೋ ಕೂತು ಮಾಡಿದ ತೀರ್ಮಾನಗಳು. ನಾನು ಬರೆಯೋದು ಅದರ ಬಗ್ಗೆ.

ಮೊದಲು ಗೊತ್ತಿಲ್ಲದವರಿಗೆ ಸ್ವಲ್ಪ ಹಿನ್ನೆಲೆ. ಇದು ನಮ್ಮ ಪುಣೆಯ ನಾಡಿಂಗ್ ಹೆಡ್ಸ್ ಗೇಮ್ಸ್ ಅನ್ನೋ ಪುಟ್ಟ ತಂಡ ಮಾಡಿದ್ದು. 2017ರಲ್ಲಿ ಕಿಕ್‌ಸ್ಟಾರ್ಟರ್ ಅನ್ನೋ ವೆಬ್‌ಸೈಟ್‌ನಲ್ಲಿ ಜನರಿಂದ ದುಡ್ಡು ಎತ್ತಲು ಹೋದರು, ಗುರಿ ಮುಟ್ಟಲಿಲ್ಲ. ಆದರೂ ಬಿಡಲಿಲ್ಲ. 2020ರ ಆಗಸ್ಟ್‌ನಲ್ಲಿ ನಿಂಟೆಂಡೊ ಸ್ವಿಚ್‌ಗೆ ಬಂತು, ಅಕ್ಟೋಬರ್‌ನಲ್ಲಿ ಪಿಸಿ, ಪ್ಲೇಸ್ಟೇಷನ್, ಎಕ್ಸ್‌ಬಾಕ್ಸ್‌ಗೂ ಬಂತು. ಆ ವರ್ಷ ದಿ ಗೇಮ್ ಅವಾರ್ಡ್ಸ್‌ನಲ್ಲಿ ಚೊಚ್ಚಲ ಇಂಡೀ (ಸಣ್ಣ ಸ್ವತಂತ್ರ ತಂಡದ) ಗೇಮ್ ವಿಭಾಗಕ್ಕೆ ನಾಮಿನೇಟ್ ಆಗಿತ್ತು. ಪ್ರಶಸ್ತಿ 'ಫ್ಯಾಸ್ಮೊಫೋಬಿಯಾ'ಗೆ ಹೋಯಿತು, ಆ ಮಾತು ಬೇರೆ.

ಪುಣೆ, ಮುಂಬೈಗೆ ಗೇಮ್ ಕೆಲಸ ಹೊಸದೇನಲ್ಲ. ಫ್ರಾನ್ಸ್‌ನ ಗೇಮ್ ಕಂಪನಿ ಯೂಬಿಸಾಫ್ಟ್‌ನ ಸ್ಟುಡಿಯೋ ಪುಣೆಯಲ್ಲಿ 2008ರಿಂದ ಇದೆ, ಮುಂಬೈಯಲ್ಲಿ 2018ರಿಂದ. ನಮ್ಮ ಬೆಂಗಳೂರಿನ ಧ್ರುವ ಇಂಟರ್‍ಯಾಕ್ಟಿವ್ ಅಂತೂ 1997ರದ್ದು. ಆದರೆ ಬಹಳ ವರ್ಷ ನಮ್ಮವರ ಪಾಲಿಗೆ ಜಾಸ್ತಿ ಬಂದದ್ದು ಹೊರದೇಶದ ಗೇಮ್‌ಗಳಿಗೆ ಕಾರು, ಗೋಡೆ, ಮರ, ಬಟ್ಟೆ ಮಾಡಿಕೊಡುವ ಕೆಲಸ. ಪಟ್ಟಿ ಅಲ್ಲಿಂದ ಬರುತ್ತೆ, ಇಲ್ಲಿ ಮಾಡಿ ಕಳಿಸೋದು. ಆ ಕಾರು ಆಟದಲ್ಲಿ ಯಾಕಿದೆ ಅಂತ ಕೇಳೋ ಅಧಿಕಾರ ಮಾಡಿದವನಿಗೆ ಇರೋದಿಲ್ಲ. ಹಾಗಾಗಿ ನಮ್ಮಲ್ಲಿ ಡಿಸೈನರ್ ಅಂದರೆ ಚಿತ್ರ ಬಿಡಿಸುವವನು ಅಂತಲೇ ಆಗಿಬಿಟ್ಟಿದೆ. ನಾನು ಆ್ಯಪ್ ಡಿಸೈನ್ ಕೆಲಸ ಮಾಡುವವನು. ಇಲ್ಲಿನ ಕನ್ನಡ ಸಂಘದ ಕಾರ್ಯಕ್ರಮಕ್ಕೆ ಹೋದರೆ ಹಿರಿಯರೊಬ್ಬರು ಈಗಲೂ "ಅಂದ್ರೆ ಫೋಟೋಶಾಪ್ ಅಲ್ವಾ?" ಅಂತಾರೆ. ಹೂಂ ಅಂದು ಊಟಕ್ಕೆ ನಡೀತೀನಿ.

ಈಗ ಆಟಕ್ಕೆ ಬರೋಣ. ರಾಜಿ ದೊಂಬರಾಟದ ಹುಡುಗಿ, ತಮ್ಮನ ಹೆಸರು ಗೋಲು. ರಕ್ಷಾಬಂಧನದ ಹೊತ್ತಿಗೆ ಅಸುರರು ದಾಳಿ ಮಾಡಿ ಮಕ್ಕಳನ್ನು ಹೊತ್ತುಕೊಂಡು ಹೋಗುತ್ತಾರೆ, ಗೋಲುವೂ ಹೋಗುತ್ತಾನೆ. ದುರ್ಗೆ ರಾಜಿಗೆ ತ್ರಿಶೂಲ ಕೊಡುತ್ತಾಳೆ. ಆಮೇಲೆ ದುರ್ಗೆ ಮತ್ತು ವಿಷ್ಣು ಮೇಲಿಂದ ನೋಡುತ್ತಾ ತಮ್ಮತಮ್ಮಲ್ಲೇ ಮಾತಾಡಿಕೊಳ್ಳುತ್ತಾರೆ, ನಾವು ಕೇಳಿಸಿಕೊಳ್ಳುತ್ತಾ ಆಡಬೇಕು. ಯಕ್ಷಗಾನದಲ್ಲಿ ವೇಷ ಕುಣಿಯುವಾಗ ಹಿಂದೆ ಭಾಗವತರು ಕತೆ ನಡೆಸುವ ಹಾಗೆ. ಪರದೆ ತುಂಬ ಅಕ್ಷರ ಸುರಿಯದೆ ಕತೆ ಹೇಳಲು ಇದು ಜಾಣ ದಾರಿ.

ನಡುನಡುವೆ ಬರುವ ಕತೆಯ ದೃಶ್ಯಗಳು ತೊಗಲುಗೊಂಬೆ ಆಟದ ಶೈಲಿಯಲ್ಲಿವೆ. ನನಗೆ ತುಂಬಾ ಹಿಡಿಸಿದ್ದು ಇದು. ದೊಡ್ಡ ಸ್ಟುಡಿಯೋಗಳು ಮುಖದ ಒಂದೊಂದು ಸ್ನಾಯು ಅಲುಗಾಡಿಸಲು ಕೋಟಿಗಟ್ಟಲೆ ಸುರಿಯುತ್ತವೆ. ಸಣ್ಣ ತಂಡ ಅದನ್ನೇ ನಕಲು ಮಾಡಲು ಹೋಗಿದ್ದರೆ ಮರದ ಮುಖಗಳು ಬರುತ್ತಿದ್ದವು. ತೊಗಲುಗೊಂಬೆಯ ಕೈಕಾಲು ಬಿಗಿಯಾಗಿ ಆಡಿದರೆ ಯಾರೂ ತಪ್ಪು ಹೇಳೋದಿಲ್ಲ, ಅದು ಇರೋದೇ ಹಾಗೆ. ದುಡ್ಡಿನ ಕೊರತೆಯನ್ನು ಶೈಲಿಯಾಗಿ ತಿರುಗಿಸಿಕೊಂಡರು ಅಂತ ನನ್ನ ಊಹೆ. ಇದು ಬ್ರಷ್ ಹಿಡಿಯೋಕ್ಕಿಂತ ಮೊದಲೇ ಆಗುವ ಡಿಸೈನ್.

ಇನ್ನು ಕ್ಯಾಮೆರಾ, ಅಂದರೆ ಪರದೆಯಲ್ಲಿ ಆಟ ಯಾವ ಕೋನದಿಂದ ಕಾಣುತ್ತೆ ಅನ್ನೋದು. ಇದರ ಬಗ್ಗೆ ಸ್ವಲ್ಪ ಉದ್ದ ಮಾತಾಡಬೇಕು. ಈ ಗೇಮ್‌ನಲ್ಲಿ ಕ್ಯಾಮೆರಾ ಆಡುವವರ ಕೈಯಲ್ಲಿ ಇಲ್ಲ. ಎತ್ತರದಿಂದ, ದೂರದಿಂದ, ಅವರು ಇಟ್ಟ ಜಾಗದಿಂದಲೇ ನೋಡಬೇಕು. ರಾಜಸ್ಥಾನದ ಕೋಟೆಗಳಂಥ ಗೋಡೆ, ಹಿಮಾಲಯ ತಪ್ಪಲಿನ ಪಹಾಡಿ ಚಿತ್ರಕಲೆಯಂಥ ಬಣ್ಣ, ಅದರ ನಡುವೆ ಬೆರಳುದ್ದದ ಹುಡುಗಿ. ಪ್ರತಿ ಚೌಕಟ್ಟೂ ಅಳೆದು ಇಟ್ಟ ಹಾಗೆ ಕಾಣಲು ಈ ಕ್ಯಾಮೆರಾವೇ ಕಾರಣ, ನಾವು ತಿರುಗಿಸಿ ಕೆಡಿಸೋಕೆ ಆಗೋದಿಲ್ಲವಲ್ಲ. ಆದರೆ ಅದಕ್ಕೆ ಬೆಲೆಯೂ ತೆರಬೇಕು. ಇದು ಹಾರುವ, ಗೋಡೆ ಹತ್ತುವ, ಕಂಬದಿಂದ ಕಂಬಕ್ಕೆ ನೆಗೆಯುವ ಆಟ. ಅಂಥದ್ದರಲ್ಲಿ ಮುಂದಿನ ಅಂಚು ಎಷ್ಟು ದೂರ ಅಂತ ಕಣ್ಣಿಗೆ ತಿಳಿಯಬೇಕು. ದೂರದ ಸ್ಥಿರ ಕ್ಯಾಮೆರಾದಲ್ಲಿ ಆ ಆಳ ಕೆಲವೆಡೆ ಸಿಗೋದಿಲ್ಲ. ಹೊಡೆದಾಟದಲ್ಲೂ ಹಾಗೇ, ಜಾಸ್ತಿ ಅಸುರರು ಬಂದಾಗ ರಾಜಿ ಎಲ್ಲಿದ್ದಾಳೆ ಅಂತ ಹುಡುಕುವ ಸರದಿ ಬರುತ್ತೆ.

ಅಕ್ಕನ ಮಗಳು ಡಿಸೈನ್ ಓದುತ್ತಿದ್ದಾಳೆ, ಪಕ್ಕದಲ್ಲಿ ಕೂತು ನೋಡುತ್ತಿದ್ದಳು. "ಮಾಮಾ, ಕ್ಯಾಮೆರಾ ಎಲ್ಲಿ ಇಡಬೇಕು ಅಂತ ಹೇಳೋರು ಯಾರು? ಆರ್ಟಿಸ್ಟೋ, ಪ್ರೋಗ್ರಾಮರೋ?" ಅಂದಳು. ಒಳ್ಳೆ ಪ್ರಶ್ನೆ. ಚೆಂದ ಬೇಕು ಅನ್ನೋ ಕಲಾವಿದ, ಸಲೀಸು ಬೇಕು ಅನ್ನೋ ಆಟಗಾರ, ಇಷ್ಟೇ ಆಗುತ್ತೆ ಅನ್ನೋ ಪ್ರೋಗ್ರಾಮರ್, ಈ ಮೂವರ ನಡುವೆ ಕೂತು ಯಾವುದನ್ನು ಬಿಡಬೇಕು ಅಂತ ಹೇಳುವವರೇ ಗೇಮ್ ಡಿಸೈನರ್. ಇಲ್ಲಿ ಚೆಂದ ಗೆದ್ದಿದೆ. ನಾನಾಗಿದ್ದರೆ ನೆಗೆತ ಇರುವ ಕಡೆಯಾದರೂ ಕ್ಯಾಮೆರಾವನ್ನು ಸ್ವಲ್ಪ ಹತ್ತಿರ ತರುತ್ತಿದ್ದೆ.

ಹೊಡೆದಾಟ ಶುರುವಿನಲ್ಲಿ ಮಜವಾಗಿದೆ. ಕಂಬ ಸುತ್ತಿ, ಗೋಡೆ ಒದ್ದು ತ್ರಿಶೂಲ ಬೀಸೋದು ದೊಂಬರ ಹುಡುಗಿಗೆ ಒಪ್ಪುತ್ತೆ. ಆಮೇಲೆ ಬಿಲ್ಲು, ಕತ್ತಿ ಬರುತ್ತವೆ, ಆದರೂ ಅರ್ಧ ದಾಟಿದ ಮೇಲೆ ಅದೇ ಅದೇ ಅನಿಸುತ್ತೆ. ಒಗಟುಗಳು ಸುಲಭ, ಸುಮ್ನೆ ಉಸಿರು ತಗೊಳ್ಳೋಕೆ ಇಟ್ಟ ಹಾಗಿವೆ.

ಒಂದು ಸಣ್ಣ ವಿಷಯ, ನನಗೆ ದೊಡ್ಡದು. ಆಯುಧಗಳ ಶಕ್ತಿಗೆ ಹಾಕಿದ ಪಾಯಿಂಟ್‌ಗಳನ್ನು ವಾಪಸ್ ತೆಗೆದು ಬೇರೆ ಕಡೆ ಹಾಕಬಹುದು, ಅದಕ್ಕೆ ಕಾಸಿಲ್ಲ. ಎಷ್ಟೋ ಮೊಬೈಲ್ ಗೇಮ್‌ಗಳಲ್ಲಿ ಇದೇ ಕೆಲಸಕ್ಕೆ ದುಡ್ಡು ಕೊಟ್ಟು ಕೊಳ್ಳುವ ಆಟದ ವಜ್ರ ಕೇಳುತ್ತಾರೆ. ಅಲ್ಲಿ ಡಿಸೈನರ್ ಕೆಲಸವೇ ಬೇರೆಯಾಗಿದೆ. ಆಡುವವರು ಮರುದಿನ ವಾಪಸ್ ಬಂದರಾ, ಏಳನೇ ದಿನ ಬಂದರಾ, ಎಲ್ಲಿ ಸಿಕ್ಕಿಕೊಂಡರೆ ದುಡ್ಡು ಬಿಚ್ಚುತ್ತಾರೆ, ಇದನ್ನು ಅಂಕಿಗಳಲ್ಲಿ ನೋಡುತ್ತಾ ಕೂರುವ ಕೆಲಸ. ಗೇಮ್ ಅಷ್ಟೇ ಅಲ್ಲ, ನಮ್ಮ ಆ್ಯಪ್‌ಗಳ ಕತೆಯೂ ಇದೇ. 2023ರ ನವೆಂಬರ್‌ನಲ್ಲಿ ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ 13 ಡಾರ್ಕ್ ಪ್ಯಾಟರ್ನ್‌ಗಳ, ಅಂದರೆ ಗ್ರಾಹಕರನ್ನು ಯಾಮಾರಿಸುವ ಡಿಸೈನ್‌ಗಳ, ಪಟ್ಟಿ ಮಾಡಿ ಬೇಡ ಅಂತ ಹೇಳಬೇಕಾಯಿತು: ಸುಳ್ಳು ಅವಸರ ಹುಟ್ಟಿಸೋದು, ಬಿಡಿಸಿಕೊಳ್ಳಲಾಗದ ಚಂದಾ, ಹೀಗೆ. ಅದನ್ನೆಲ್ಲ ಮಾಡಿ ಕೊಟ್ಟವರೂ ನಮ್ಮ ಡಿಸೈನರ್‌ಗಳೇ ಅಲ್ವಾ? 'ರಾಜಿ'ಯಲ್ಲಿ ಒಮ್ಮೆ ದುಡ್ಡು ಕೊಟ್ಟರೆ ಮುಗೀತು, ಯಾರೂ ಜೇಬಿಗೆ ಕೈ ಹಾಕೋದಿಲ್ಲ.

ಕತೆಯ ಕೊನೆ ಮಾತ್ರ ಬೇಸರ. ಬಿಗಿಯಾಗುತ್ತಿರುವಾಗಲೇ ಪಟ್ ಅಂತ ನಿಲ್ಲುತ್ತೆ, ಮುಂದಿನ ಭಾಗಕ್ಕೆ ಬಾಗಿಲು ತೆರೆದಿಟ್ಟು. ಇಡೀ ಆಟ 5–6 ಗಂಟೆಯದ್ದು, ಹಾಗಾಗಿ ಇನ್ನೂ ಚೂರು ಬೇಕಿತ್ತು ಅನಿಸುತ್ತೆ.

ತಗೊಳ್ಳೋದಾದರೆ 2022ರಲ್ಲಿ ಬಂದ ಎನ್‌ಹ್ಯಾನ್ಸ್ಡ್ ಎಡಿಷನ್ (ಸುಧಾರಿಸಿದ ಆವೃತ್ತಿ) ತಗೊಳ್ಳಿ. ಅದರಲ್ಲಿ ಹಿಂದಿ ದನಿ ಇದೆ, ದುರ್ಗೆ ಇಂಗ್ಲಿಷ್‌ನಲ್ಲಿ ಮಾತಾಡೋದಕ್ಕಿಂತ ಕಿವಿಗೆ ಹಿತ. ಕನ್ನಡ ದನಿ ಇಲ್ಲ, ಇದ್ದಿದ್ದರೆ ಅಮ್ಮನನ್ನೂ ಕೂರಿಸಿಕೊಂಡು ತೋರಿಸುತ್ತಿದ್ದೆ. ಪಿಸಿಯಲ್ಲಿ ಆಡುವವರು ಕೀಬೋರ್ಡ್ ಬಿಟ್ಟು ಕಂಟ್ರೋಲರ್ ಹಿಡಿಯಿರಿ. ಪೂರ್ತಿ ಬೆಲೆ ಕೊಡಲು ಮನಸ್ಸಿಲ್ಲ ಅಂದರೆ ಪಿಸಿ ಗೇಮ್ ಮಾರುವ ಆನ್‌ಲೈನ್ ಅಂಗಡಿ ಸ್ಟೀಮ್‌ನ ಸೇಲ್‌ವರೆಗೂ ಕಾಯಿರಿ. ಗಂಟೆಗಟ್ಟಲೆ ಹೊಡೆದಾಟವೇ ಬೇಕು ಅನ್ನೋರಿಗೆ ಇದು ಸಾಲದು. ಡಿಸೈನ್ ಓದುತ್ತಿರುವ ಮಕ್ಕಳು ಮನೆಯಲ್ಲಿದ್ದರೆ ಕೊಡಿಸಿ, ಮತ್ತೆ ಆ ಕ್ಯಾಮೆರಾ ಬಗ್ಗೆ ಅವರ ಹತ್ತಿರ ಜಗಳ ಆಡಿ.