ಒಬ್ಬರೇ ಹೋಗ್ತೀರಾ? ‘ಎಲ್ಲಾ ಸೇರಿ’ ಅನ್ನೋ ರೇಟು ಎಷ್ಟು ಜನಕ್ಕೆ ಅಂತ ಮೊದಲು ಕೇಳಿ

ಗೋಕರ್ಣದ ಕಡೆ ಒಬ್ಬರೇ ಹೋಗಿ ಬೀಚ್ ರೆಸಾರ್ಟ್‌ನಲ್ಲಿ ಉಳಿಯೋ ಯೋಚನೆ ಇದ್ದವರು, ಅದರಲ್ಲೂ ಹೆಂಗಸರು, ದುಡ್ಡು ಹಾಕುವ ಮುಂಚೆ ಇದನ್ನು ಓದಿ. ವಾಪಸ್ ಬಂದು ನಾಲ್ಕು ದಿನ ಆಯ್ತು, ನನ್ನ ಸಿಟ್ಟು ಇನ್ನೂ ಇಳಿದಿಲ್ಲ.

ನನಗೆ 48. ಶಿವಮೊಗ್ಗದಲ್ಲಿ ಸಹಕಾರಿ ಬ್ಯಾಂಕಿನ ಕೆಲಸ, ದಿನವಿಡೀ ಲೆಕ್ಕದ ಮುಂದೆ ಕೂತಿರೋಳು. ಅಂಥ ನನಗೇ ಟೋಪಿ ಹಾಕಿದರು ಅಂತ ಹೇಳಿಕೊಳ್ಳೋಕೆ ನಾಚಿಕೆ ಆಗುತ್ತೆ. ಜೀವನದಲ್ಲಿ ಮೊದಲ ಸಲ ಒಬ್ಬಳೇ ಹೊರಟಿದ್ದೆ. ಆಫೀಸಲ್ಲಿ, ನೆಂಟರಲ್ಲಿ ಎಲ್ಲರಿಗೂ ಹೇಳಿಕೊಂಡಿದ್ದೆ ಬೇರೆ.

ರೆಸಾರ್ಟ್‌ನವರು ವಾಟ್ಸಾಪ್‌ನಲ್ಲಿ ಕಳಿಸಿದ ಪೋಸ್ಟರಿನಲ್ಲಿ ದೊಡ್ಡದಾಗಿ ಇತ್ತು: ಒಂದು ರಾತ್ರಿಗೆ 4,499, ಎಲ್ಲಾ ಸೇರಿ. ಮೂರು ಹೊತ್ತು ಬಫೆ, ಚಾ ತಿಂಡಿ, ದಿನಾ ತಾಜಾ ಮೀನು, ಬೋಟ್ ರೈಡ್. ಫೋನ್ ಮಾಡಿ ‘ನಾನು ಒಬ್ಬಳೇ ಬರೋದು’ ಅಂತ ಬಾಯಿಬಿಟ್ಟು ಹೇಳಿದೆ. ‘ಅಡ್ಡಿಲ್ಲ ಮೇಡಂ, ಎಲ್ಲಾ ಇನ್‌ಕ್ಲೂಡೆಡ್’ ಅಂದ. ಎರಡು ಸಲ ಕೇಳಿದೆ, ಎರಡು ಸಲವೂ ಅದೇ ‘ಅಡ್ಡಿಲ್ಲ’. ಮೂರು ರಾತ್ರಿಗೆ ಬುಕ್ ಮಾಡಿ ಅಡ್ವಾನ್ಸ್ 6,750 ಹಾಕಿದೆ.

ಜೂನ್ ಎರಡನೇ ವಾರ. ಗೇರುಸೊಪ್ಪ ಘಾಟಿಯಲ್ಲಿ ಮಳೆ ಹಿಡಿದದ್ದು ಬಿಡಲೇ ಇಲ್ಲ. ಹೊನ್ನಾವರ, ಕುಮಟಾ ಅಂತ ಬಸ್ ಬದಲಿಸಿ ಅಲ್ಲಿ ಮುಟ್ಟಿದಾಗ ಸಂಜೆ ಆರೂವರೆ. ಸೀರೆ ಸೆರಗೆಲ್ಲ ಒದ್ದೆ. ಕೌಂಟರಿನಲ್ಲಿದ್ದ ಹುಡುಗ ನನ್ನ ಹಿಂದೆ ಬಾಗಿಲ ಕಡೆ ನೋಡಿ ಕೇಳಿದ ಮೊದಲ ಮಾತು, ‘ಇನ್ನೊಬ್ರು ಎಲ್ಲಿ ಮೇಡಂ?’

ಯಾರೂ ಇಲ್ಲ ಅಂದಮೇಲೆ ಮ್ಯಾನೇಜರ್ ಬಂದ. ಆಧಾರ್ ತಗೊಂಡ. ಸಾಲದು ಅಂತ ‘ಮನೆಯವರ ನಂಬರ್ ಕೊಡಿ’ ಅಂದ. ಕೊಟ್ಟೆ. ನನ್ನ ಎದುರೇ ನನ್ನ ತಮ್ಮನಿಗೆ ಫೋನ್ ಹಚ್ಚಿ, ‘ಇವರು ಇಲ್ಲಿಗೆ ಬಂದಿರೋದು ನಿಮಗೆ ಗೊತ್ತಾ?’ ಅಂತ ಕೇಳಿದ. ಒಬ್ಬರೇ ಬಂದು ರೂಮಲ್ಲಿ ಏನಾದರೂ ಮಾಡಿಕೊಂಡಾರು ಅನ್ನೋ ಭಯ ಲಾಡ್ಜಿನವರಿಗೆ ಇರುತ್ತೆ, ಒಪ್ಪುತ್ತೇನೆ. ಆದರೆ ಅದನ್ನ ಅಡ್ವಾನ್ಸ್ ತಗೊಳ್ಳುವಾಗ ಕೇಳಬೇಕಿತ್ತು. ನನಗಿಂತ ಹತ್ತು ವರ್ಷ ಚಿಕ್ಕ ತಮ್ಮನ ಒಪ್ಪಿಗೆಗೆ ನಾನು ಒದ್ದೆ ಬ್ಯಾಗ್ ಹಿಡಕೊಂಡು ನಿಂತಿದ್ದೆ.

ಆಮೇಲೆ ಬಿಲ್ಲು ತಿರುಗಿಸಿ ತೋರಿಸಿದ. ಜನ: 2. ದಿನಕ್ಕೆ 8,998.

ನಾನು ಒಬ್ಬಳೇ ಅಲ್ವಾ ಅಂದರೆ, ‘ರೇಟು ಪರ್ ಪರ್ಸನ್ ಮೇಡಂ, ಟ್ವಿನ್ ಶೇರಿಂಗ್, ಇಬ್ಬರು ಒಂದೇ ರೂಮಲ್ಲಿ ಉಳಿದರೆ ತಲಾ ಅಷ್ಟು. ಪೋಸ್ಟರಲ್ಲೇ ಇದೆಯಲ್ಲ.’ ಅಲ್ಲೇ ಫೋನ್ ತೆಗೆದು ಎರಡು ಬೆರಳಲ್ಲಿ ಹಿಗ್ಗಿಸಿ ನೋಡಿದೆ. ಇತ್ತು. ಚಿತ್ರದ ತಳದಲ್ಲಿ, ನೀಲಿ ಸಮುದ್ರದ ಮೇಲೆ ತಿಳಿನೀಲಿ ಅಕ್ಷರ, ಸಾಸಿವೆ ಕಾಳಿನಷ್ಟು. ಆಗ ಮುಖಕ್ಕೆ ರಾಚಿದ ಹಾಗಾಯ್ತು. ಫೋನಲ್ಲಿ ಒಬ್ಬಳೇ ಅಂತ ಹೇಳಿದ್ದೆನಲ್ಲ ಅಂದರೆ, ‘ಒಬ್ರೇ ಬರಬಹುದು ಅಂತ ಹೇಳಿದ್ದು ಮೇಡಂ, ಒಬ್ಬರ ರೇಟು ಅಂತ ಹೇಳಿಲ್ಲ.’

ಇನ್ನೊಂದು ನೋಡಿ. ದಿನಕ್ಕೆ 7,500 ದಾಟಿದ ರೂಮಿಗೆ ಜಿಎಸ್‌ಟಿ 18 ಪರ್ಸೆಂಟ್. ನನಗೆ ಹೇಳಿದ 4,499 ಆ ಮಿತಿಯೊಳಗೇ ಇತ್ತು. ಇಲ್ಲದ ಮನುಷ್ಯರನ್ನು ಸೇರಿಸಿ ದುಪ್ಪಟ್ಟು ಮಾಡಿದ್ದರಿಂದ ತೆರಿಗೆಯೂ ಮೇಲಿನ ಮೆಟ್ಟಿಲಿಗೆ ಏರಿತು. ಒಂದು ರಾತ್ರಿಗೇ 10,618. ಕ್ಯಾನ್ಸಲ್ ಮಾಡಿ ಅಂದೆ. ಅಡ್ವಾನ್ಸ್ ವಾಪಸ್ ಇಲ್ಲ ಅಂದರು. ಹೊರಗೆ ಕತ್ತಲೆ, ಮಳೆ, ಆ ಓಣಿಗೆ ಆಟೋ ಬರಲ್ಲ. ಒಂದು ರಾತ್ರಿ ಸಾಕು ಅಂತ ಹೇಳಿ, ಅಡ್ವಾನ್ಸ್ ಕಳೆದು 3,868 ಕಟ್ಟಿದೆ. ಕಟ್ಟಬಾರದಿತ್ತು.

ಊಟಕ್ಕೆ ಹೋದರೆ ಬಫೆ ಇಲ್ಲ. ಹತ್ತು ಜನ ಆದರೆ ಮಾತ್ರ ಬಫೆಯಂತೆ. ಒಂದು ತಟ್ಟೆಯಲ್ಲಿ ಎರಡು ಚಪಾತಿ, ಅನ್ನ, ನೀರಾದ ದಾಲ್. ತಾಜಾ ಮೀನು ಎಲ್ಲಿ ಅಂದರೆ ‘ಈಗ ಟ್ರಾಲಿಂಗ್ ಬಂದ್ ಅಲ್ವಾ ಮೇಡಂ’. ಜೂನ್ 1ರಿಂದ ಜುಲೈ 31ರವರೆಗೆ ಯಂತ್ರದ ದೋಣಿಗಳು ಮೀನು ಹಿಡಿಯೋಕೆ ಕಡಲಿಗೆ ಇಳಿಯೋ ಹಾಗಿಲ್ಲ, ಕರಾವಳಿಯಲ್ಲಿ ಮಕ್ಕಳಿಗೂ ಗೊತ್ತಿರೋ ವಿಷಯ. ಗೊತ್ತಿದ್ದೂ ಜೂನ್ ತಿಂಗಳ ಪೋಸ್ಟರಿಗೆ ದಿನಾ ತಾಜಾ ಮೀನು ಅಂತ ಯಾಕೆ ಹಾಕಿದಿರಿ? ಫ್ರೀಜರಿನ ಬಂಗುಡೆ ಬೇಕಾದರೆ ಇದೆ, 350 ಬೇರೆ ಅಂದರು. ಹಸಿವು, ತಗೊಂಡೆ. ಎರಡು ಲೋಟ ಚಾಕ್ಕೆ 120.

ಇಷ್ಟಾದಮೇಲೆ ನಾನು ಕೇಳಿದೆ, ‘ಇಬ್ಬರ ದುಡ್ಡು ತಗೊಂಡಿದೀರಲ್ಲ, ಇನ್ನೊಂದು ತಟ್ಟೆ ಊಟ ಕೊಡಿ’ ಅಂತ. ಮ್ಯಾನೇಜರ್ ಕೊಟ್ಟ ಉತ್ತರ: ‘ಅವರು ಬಂದೇ ಇಲ್ವಲ್ಲ ಮೇಡಂ.’

ದುಡ್ಡು ತಗೊಳ್ಳುವಾಗ ಇಬ್ಬರು. ಬಡಿಸುವಾಗ ಒಬ್ಬಳು. ರೂಮಲ್ಲಿ ಹಾಸಿಗೆ ಮೇಲೆ ಎರಡು ಟವೆಲನ್ನ ಹಂಸದ ಥರ ಮಡಚಿ ಎದುರುಬದುರು ಕೂರಿಸಿದ್ದರು. ತೆಗೆದು ಕುರ್ಚಿ ಮೇಲೆ ಎಸೆದೆ. ರಾತ್ರಿ ನಿದ್ದೆ ಬರಲಿಲ್ಲ.

ಬೋಟಿನದೂ ಇದೇ ಕಥೆ. ಕನಿಷ್ಠ ನಾಲ್ಕು ಜನ ಬೇಕು, ಮಳೆಗಾಲದಲ್ಲಂತೂ ಇಲ್ಲವೇ ಇಲ್ಲ. ಆ ‘ಎಲ್ಲಾ’ದೊಳಗೆ ಒಬ್ಬರಿಗೆ ಅಂತ ಏನೂ ಇರಲಿಲ್ಲ.

ಬೆಳಿಗ್ಗೆ ಬಂಗುಡೆ, ಚಾದ ಬಿಲ್ಲಿಗೆ 10 ಪರ್ಸೆಂಟ್ ಸರ್ವಿಸ್ ಚಾರ್ಜ್ ಅಂತ 47 ರೂಪಾಯಿ ಸೇರಿಸಿದ್ದರು. ಹೋಟೆಲುಗಳು ಹೀಗೆ ತಾವಾಗಿಯೇ ಸೇರಿಸಬಾರದು ಅಂತ ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ 2022ರ ಜುಲೈಯಲ್ಲೇ ಹೇಳಿದೆ, ದೆಹಲಿ ಹೈಕೋರ್ಟ್ 2025ರ ಮಾರ್ಚ್‌ನಲ್ಲಿ ಅದನ್ನು ಎತ್ತಿಹಿಡಿದಿದೆ. ನನಗೆ ಇದು ಗೊತ್ತಾಗಿದ್ದು ಊರಿಗೆ ಬಂದಮೇಲೆ. ಅಲ್ಲಿ ಸುಮ್ಮನೆ ಕಟ್ಟಿ ಬಂದೆ.

ಒಬ್ಬರೇ ಹೋಗುವವರು ದಯವಿಟ್ಟು ಫೋನಲ್ಲಿ ಹೇಳಿದ್ದನ್ನ ನಂಬಬೇಡಿ. ‘ಒಬ್ಬರಿಗೆ, ತೆರಿಗೆ ಸೇರಿ, ಕೊನೆಗೆ ಕೈಯಿಂದ ಹೋಗೋದು ಎಷ್ಟು’ ಅಂತ ಬರೆದು ಕೇಳಿ, ಉತ್ತರವೂ ಬರವಣಿಗೆಯಲ್ಲೇ ಬರಲಿ. ಬರೆದು ಕೊಡಲ್ಲ ಅಂದರೆ ಒಂದು ರೂಪಾಯಿ ಹಾಕಬೇಡಿ. ಕತ್ತಲಾದಮೇಲೆ ಹೋಗಿ ತಲುಪಬೇಡಿ, ಆ ಹೊತ್ತಲ್ಲಿ ನೀವು ಎದ್ದು ಬರೋಕಾಗಲ್ಲ ಅಂತ ಅವರಿಗೆ ಚೆನ್ನಾಗಿ ಗೊತ್ತು. ‘ಅಡ್ಡಿಲ್ಲ’ ಅನ್ನೋದು ಉತ್ತರ ಅಲ್ಲ.

ಊರಿಗೆ ಬಂದು ಬಿಲ್ಲಿನ ಫೋಟೊ ಹಾಕಿ, ಒಬ್ಬರ ದುಡ್ಡು ವಾಪಸ್ ಕೊಡಿ ಅಂತ ಮ್ಯಾನೇಜರ್‌ಗೆ ಮೆಸೇಜ್ ಮಾಡಿದೆ. ಎರಡು ದಿನ ಬಿಟ್ಟು ಉತ್ತರ ಬಂತು: ‘ನೆಕ್ಸ್ಟ್ ಟೈಮ್ ಫ್ಯಾಮಿಲಿ ಕರ್ಕೊಂಡು ಬನ್ನಿ ಮೇಡಂ, 10 ಪರ್ಸೆಂಟ್ ಡಿಸ್ಕೌಂಟ್ ಮಾಡಿಸ್ತೀನಿ.’ ಅದನ್ನು ಓದಿದ ಕೂಡಲೇ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ ದೂರು ದಾಖಲಿಸಿದೆ. ಪೋಸ್ಟರ್, ಬಿಲ್ಲು, ಈ ಮೆಸೇಜು ಮೂರೂ ನನ್ನ ಹತ್ತಿರ ಇವೆ.