ಕೌಲ್ ಬಜಾರ್ ಕಡೆಯ ಬೋರಿಂಗ್ ಅಂಗಡಿ ಮತ್ತು ಅಪ್ಪನ ಜೀಪಿನ ಕ್ಯಾಮ್

ಈ ಅಂಗಡಿಗೆ ಒಂದು ಕಾಲಕ್ಕೆ ಬೋರ್ಡ್ ಇತ್ತು. ಈಗ ಬಣ್ಣ ಪೂರ್ತಿ ಹೋಗಿ ತಗಡು ಮಾತ್ರ ಉಳಿದಿದೆ. ಬಳ್ಳಾರಿಯ ಕೌಲ್ ಬಜಾರ್ ಕಡೆ ಹೋಗಿ ಯಾವ ಲಾರಿ ಡ್ರೈವರ್‌ನ ಕೇಳಿದರೂ ಸಾಕು, "ಬೋರಿಂಗ್ ಅಂಗಡಿನಾ?" ಅಂತ ಕೈ ತೋರಿಸುತ್ತಾರೆ. ಹಾಗಾಗಿ ನಾನೂ ಅದನ್ನು ಬೋರಿಂಗ್ ಅಂಗಡಿ ಅಂತಲೇ ಕರೆಯುತ್ತೇನೆ. ಬೋರಿಂಗ್ ಅಂದರೆ ಇಂಜಿನ್‌ನ ಸವೆದ ಸಿಲಿಂಡರ್ ಕೊರೆದು ಸರಿ ಮಾಡುವುದು. ಹಳೆ ಇಂಜಿನ್ ಇಟ್ಟುಕೊಂಡು ಒದ್ದಾಡುತ್ತಿರುವವರಿಗೆ ಉಪಯೋಗ ಆಗಲಿ ಅಂತ ಸ್ವಲ್ಪ ವಿವರವಾಗಿ ಬರೆಯುತ್ತಿದ್ದೇನೆ.

ಗಾಡಿ ಅಪ್ಪನದು. 1972ರ ಮಹೀಂದ್ರ ಸಿಜೆ 3ಬಿ, ಪೆಟ್ರೋಲ್ ಜೀಪು. ಅಪ್ಪ ಹತ್ತಿ ವ್ಯಾಪಾರಕ್ಕೆ ಮೋಕಾ, ಸಿರುಗುಪ್ಪ ಅಂತ ಇದರಲ್ಲೇ ತಿರುಗುತ್ತಿದ್ದರು. ಒಳಗಿರುವುದು ವಿಲ್ಲೀಸ್ ಹರಿಕೇನ್ ಇಂಜಿನ್. ನಾಲ್ಕು ಸಿಲಿಂಡರ್, 2.2 ಲೀಟರ್. ಇದರ ವಾಲ್ವ್ ಜೋಡಣೆಯೇ ಬೇರೆ. ಇನ್‌ಲೆಟ್ ವಾಲ್ವ್ ಮೇಲೆ ಹೆಡ್‌ನಲ್ಲಿ, ಎಕ್ಸಾಸ್ಟ್ ವಾಲ್ವ್ ಕೆಳಗೆ ಬ್ಲಾಕ್‌ನಲ್ಲಿ. ಈ ಇಂಜಿನ್ ಅದಕ್ಕೂ ಮೊದಲಿನ ಜೀಪುಗಳ ಇಂಜಿನ್‌ಗಿಂತ ಎತ್ತರ ಇದೆ. 3ಬಿ ಜೀಪಿನ ಬಾನೆಟ್ ಅಷ್ಟು ಎತ್ತರಕ್ಕೆ ಎದ್ದು ನಿಂತಿರುವುದು ಅದಕ್ಕೇ.

ಎರಡು ವರ್ಷದ ಹಿಂದೆ ಇಂಜಿನ್ ಬಿಚ್ಚಿಸಿದ್ದೆ. ಬಳ್ಳಾರಿಯಲ್ಲಲ್ಲ, ಬೇರೆ ಊರಲ್ಲಿ. ಅಲ್ಲಿಯ ಒಬ್ಬ ಸ್ಪೇರ್ ವ್ಯಾಪಾರಿ ಹೊಸ ಕ್ಯಾಮ್‌ಶಾಫ್ಟ್ ಕೊಟ್ಟ. ಕ್ಯಾಮ್ ಅಂದರೆ ಮೈಮೇಲೆ ಉಬ್ಬುಗಳಿರುವ ಸಲಾಕೆ, ಅದು ತಿರುಗಿದಾಗ ಆ ಉಬ್ಬುಗಳು ವಾಲ್ವ್ ತೆರೆಸುತ್ತವೆ. ಫಳಫಳ ಹೊಳೆಯುತ್ತಿತ್ತು. ಗ್ಯಾರೇಜಿನವನು ಅದನ್ನು ಹಳೆ ಟ್ಯಾಪೆಟ್‌ಗಳ ಜೊತೆಗೇ ಕೂರಿಸಿದ. ಟ್ಯಾಪೆಟ್ ಅಂದರೆ ಉಬ್ಬಿನ ಮೇಲೆ ಕೂತು ವಾಲ್ವ್ ಕಡೆಗೆ ತಳ್ಳುವ ತುಂಡು. ಟ್ಯಾಪೆಟ್ ಚೆನ್ನಾಗಿವೆ, ಸುಮ್ನೆ ಯಾಕೆ ಖರ್ಚು ಅಂದ. ನಾನೂ ಹೂಂ ಅಂದೆ. 900 ಕಿಲೋಮೀಟರ್ ಆಗುವಷ್ಟರಲ್ಲಿ ಟಕ್ ಟಕ್ ಸದ್ದು ಶುರುವಾಯಿತು. ಪಿಕಪ್ ಬಿತ್ತು. ಕಾರ್ಬೊರೇಟರ್ ಒಳಗಿಂದ ಸೀನಿದ ಹಾಗೆ ಫಟ್ ಅನ್ನುವ ಸದ್ದು. ಮೂರು ಸಲ ಕಾರ್ಬೊರೇಟರ್ ಬಿಚ್ಚಿ ತೊಳೆದರು. ಪಾಯಿಂಟ್, ಕಂಡೆನ್ಸರ್, ಪ್ಲಗ್ ಎಲ್ಲಾ ಬದಲಾಯಿತು. ಸೀನುವುದು ಮಾತ್ರ ನಿಲ್ಲಲಿಲ್ಲ.

ಬೋರಿಂಗ್ ಅಂಗಡಿಯ ಮೇಸ್ತ್ರಿಗೆ ಅರವತ್ತು ದಾಟಿದೆ. ನಾವೆಲ್ಲ ಚಾಚಾ ಅಂತೀವಿ. ಅವರು ಬಾನೆಟ್ ಎತ್ತಿಸಿ ಎರಡು ನಿಮಿಷ ಕೇಳಿಸಿಕೊಂಡರು. ಕಾರ್ಬೊರೇಟರ್ ಕಡೆ ತಿರುಗಿಯೂ ನೋಡಲಿಲ್ಲ. "ತಮ್ಮಾ, ಎಕ್ಸಾಸ್ಟ್ ಕ್ಯಾಮ್ ಸವೆದೈತಿ" ಅಂದರು. ಎಕ್ಸಾಸ್ಟ್ ಸವೆದರೆ ಸದ್ದು ಕಾರ್ಬೊರೇಟರ್‌ನಲ್ಲಿ ಯಾಕೆ ಬರಬೇಕು? ಅದನ್ನೇ ಕೇಳಿದೆ. ಸುಟ್ಟ ಹೊಗೆ ಹೊರಗೆ ಹೋಗಲು ವಾಲ್ವ್ ಪೂರ್ತಿ ತೆರೆಯುತ್ತಿಲ್ಲ, ಒಳಗೇ ಉಳಿಯುತ್ತದೆ. ಆಮೇಲೆ ಇನ್‌ಲೆಟ್ ತೆರೆದ ತಕ್ಷಣ ಆ ಬಿಸಿ ಹೊಗೆ ಅದೇ ದಾರಿಯಲ್ಲಿ ವಾಪಸ್ ನುಗ್ಗುತ್ತದೆ. ಅವರು ಹೇಳಿದ್ದಿಷ್ಟು. ಇಷ್ಟು ಸರಳವಾದ ಮಾತನ್ನು ಎರಡು ವರ್ಷದಲ್ಲಿ ಯಾರೂ ನನಗೆ ಹೇಳಿರಲಿಲ್ಲ.

ಸೈಡ್ ಕವರ್ ಬಿಚ್ಚಿ, ಒಂದೊಂದೇ ಎಕ್ಸಾಸ್ಟ್ ಟ್ಯಾಪೆಟ್ ಮೇಲೆ ಡಯಲ್ ಗೇಜ್ (ಮುಳ್ಳಿನ ಅಳತೆ ಯಂತ್ರ) ಇಟ್ಟು ಇಂಜಿನ್ ತಿರುಗಿಸಿದರು. ಮೂರನೇ ಸಿಲಿಂಡರ್‌ನ ಟ್ಯಾಪೆಟ್ ಉಳಿದ ಮೂರಕ್ಕಿಂತ ಎರಡು ಮಿಲಿಮೀಟರ್ ಕಡಿಮೆ ಏಳುತ್ತಿತ್ತು. ಇಂಜಿನ್ ಇಳಿಸಲೇಬೇಕಾಯಿತು.

ಇಂಜಿನ್‌ನ ಎರಡು ಮರದ ದಿಮ್ಮಿ ಮೇಲೆ ತಲೆಕೆಳಗು ಮಾಡಿ ಮಲಗಿಸಿದರು. ಈ ಇಂಜಿನ್‌ನಲ್ಲಿ ಟ್ಯಾಪೆಟ್ ಮೇಲಿನಿಂದ ಬರಲ್ಲ, ಅದರ ಪಾದ ಅಗಲ. ಕ್ಯಾಮ್ ಎಳೆದ ಮೇಲೆ ಕೆಳಗಿನಿಂದಲೇ ತೆಗೆಯಬೇಕು. ತಲೆಕೆಳಗಾದಾಗ ಟ್ಯಾಪೆಟ್‌ಗಳು ತಮ್ಮ ಭಾರಕ್ಕೆ ತಾವೇ ಕ್ಯಾಮ್‌ನಿಂದ ದೂರ ಸರಿದವು. ಚಾಚಾ ಎರಡೂ ಕೈಯಲ್ಲಿ ಹಿಡಿದು, ನಿಧಾನಕ್ಕೆ ತಿರುಗಿಸುತ್ತಾ ಕ್ಯಾಮ್ ಹೊರಗೆ ತೆಗೆದರು. ಮೂರನೇ ಎಕ್ಸಾಸ್ಟ್ ಉಬ್ಬಿನ ಮೂಗೇ ಇರಲಿಲ್ಲ. ಸವೆದ ಸೋಪಿನ ಹಾಗೆ ಗುಂಡಗೆ ಆಗಿತ್ತು. ಅದರ ಟ್ಯಾಪೆಟ್ ಪಾದ ನನ್ನ ಕೈಗೆ ಕೊಟ್ಟು, ಉಕ್ಕಿನ ಸ್ಕೇಲ್ ಅಡ್ಡ ಇಟ್ಟು ಬೆಳಕಿಗೆ ಹಿಡಿ ಅಂದರು. ಸ್ಕೇಲ್ ಕೆಳಗೆ ನಡುವೆ ಬೆಳಕು ಕಾಣುತ್ತಿತ್ತು. ಪಾದ ತಟ್ಟೆಯ ಹಾಗೆ ಒಳಗೆ ಕುಸಿದಿತ್ತು.

ನನ್ನ ತಪ್ಪು ಅರ್ಥವಾಗಿದ್ದು ಅಲ್ಲಿ. ಇಂಥ ಟ್ಯಾಪೆಟ್ ಕ್ಯಾಮ್ ಮೇಲೆ ಸುಮ್ಮನೆ ಏಳುವುದು ಇಳಿಯುವುದು ಮಾಡಿದರೆ ಸಾಲದು. ತನ್ನ ಸುತ್ತ ತಾನೂ ತಿರುಗುತ್ತಿರಬೇಕು. ತಿರುಗಿದರೆ ಸವಕಳಿ ಒಂದೇ ಜಾಗಕ್ಕೆ ಬೀಳಲ್ಲ. ಪಾದ ಕುಸಿದ ಹಳೆ ಟ್ಯಾಪೆಟ್ ತಿರುಗಲ್ಲ, ಹೊಸ ಕ್ಯಾಮ್‌ನ ಉಜ್ಜಿ ತಿಂದುಬಿಡುತ್ತದೆ. ಹೊಸ ಕ್ಯಾಮ್ ಹಾಕಿದರೆ ಎಂಟೂ ಟ್ಯಾಪೆಟ್ ಹೊಸವಾಗಬೇಕು, ಇಲ್ಲಾ ಪಾದ ಗ್ರೈಂಡ್ ಮಾಡಿಸಿರಬೇಕು. ಇದರಲ್ಲಿ ಉಳಿತಾಯ ಮಾಡಬೇಡಿ.

ಇನ್ನೊಂದು ಪರೀಕ್ಷೆಯನ್ನೂ ಮಾಡಿ ತೋರಿಸಿದರು. ಆ ಕ್ಯಾಮ್‌ನ ಚೆನ್ನಾಗಿದ್ದ ಉಬ್ಬಿನ ಅಂಚಿಗೆ ಅರ ಇಟ್ಟು ಒಮ್ಮೆ ಎಳೆದರು. ಅರ ಕಚ್ಚಿತು, ಬೆಳ್ಳಿ ಪುಡಿ ಬಿತ್ತು. ಆಮೇಲೆ ಮೂಲೆಯಿಂದ ಬೇರೆ ಯಾವುದೋ ಹಳೆ ಕಂಪನಿ ಕ್ಯಾಮ್ ತಂದು ಅದರ ಮೇಲೂ ಎಳೆದರು. ಗಾಜಿನ ಮೇಲೆ ಜಾರಿದ ಹಾಗೆ ಜಾರಿತು. ನಾನು ದುಡ್ಡು ಕೊಟ್ಟು ತಂದ ಮಾಲಿಗೆ ಸರಿಯಾಗಿ ಹದವೇ ಹಾಕಿರಲಿಲ್ಲ, ಅಂದರೆ ಲೋಹದ ಮೈ ಗಟ್ಟಿ ಮಾಡಿರಲಿಲ್ಲ. ಅಂಗಡಿಯಲ್ಲಿ ಹೊಸ ಕ್ಯಾಮ್ ಕೊಳ್ಳುವಾಗ ಮಾಲೀಕನ ಕೇಳಿ, ಯಾವುದಾದರೂ ಉಬ್ಬಿನ ಪಕ್ಕದ ಅಂಚಿನಲ್ಲಿ ಸಣ್ಣ ಅರ ಆಡಿಸಿ ನೋಡಿ. ಟ್ಯಾಪೆಟ್ ಕೂರುವ ಮೈಮೇಲೆ ಮಾತ್ರ ಬೇಡ.

ಅಪ್ಪನ ಕಾಲದ ಮೂಲ ಕ್ಯಾಮ್ ಪುಣ್ಯಕ್ಕೆ ಮನೆ ಅಟ್ಟದಲ್ಲಿತ್ತು. ಅದರ ಉಬ್ಬುಗಳನ್ನೇ ಮತ್ತೆ ಸಾಣೆ ಹಿಡಿಸಿ (ರೀಗ್ರೈಂಡ್) ಹಾಕಿಸೋಣ ಅಂತಾಯಿತು. ಚರ್ಚೆ ಶುರುವಾಗಿದ್ದು ಇಲ್ಲಿಂದ. ಅಕ್ಕನ ಮಗ ಇಂಜಿನಿಯರಿಂಗ್ ಓದುತ್ತಾನೆ. ಅವನಿಗೆ ಅಮೆರಿಕದ ಹಾಟ್ ರಾಡ್ ಹುಚ್ಚು, ಅಂದರೆ ವೇಗಕ್ಕೆ ಅಂತ ಮಾರ್ಪಡಿಸಿದ ಹಳೆ ಕಾರುಗಳ ಹುಚ್ಚು. 1932ರಲ್ಲಿ ಫೋರ್ಡ್ ತಂದ ವಿ8 ಇಂಜಿನ್, ಅದನ್ನು ಹಳೆ ಕಾರುಗಳಿಗೆ ಕೂರಿಸಿ ಕ್ಯಾಲಿಫೋರ್ನಿಯಾದ ಒಣಗಿದ ಕೆರೆಗಳ ಮೇಲೆ ಓಡಿಸುತ್ತಿದ್ದ ಹುಡುಗರು, ಎಲ್ಲಾ ಅವನಿಗೆ ಬಾಯಿಪಾಠ. ಆ ಹುಡುಗರು ಕ್ಯಾಮ್‌ನಲ್ಲಿ 'ಮುಕ್ಕಾಲು ರೇಸ್', 'ಫುಲ್ ರೇಸ್' ಅಂತ ಗ್ರೇಡ್ ಹೇಳುತ್ತಿದ್ದರಂತೆ. "ಮಾಮಾ, ಹೆಂಗಿದ್ರೂ ಗ್ರೈಂಡ್ ಮಾಡಿಸ್ತೀವಲ್ಲ, ಮುಕ್ಕಾಲು ರೇಸ್ ಮಾಡ್ಸು" ಅಂತ ಹಿಂದೆ ಬಿದ್ದ. ನನಗೂ ಆಸೆ ಆಯಿತು. ಆ ಗಾಡಿಗಳು ನಿಂತಲ್ಲೇ ಗಡಗಡ ಅಂತ ಕುಣಿಯುವ ಸದ್ದು ಕೇಳಿದವರಿಗೆ ಗೊತ್ತು.

ಚಾಚಾ ಅವನ ಮಾತು ಪೂರ್ತಿ ಕೇಳಿದರು. ಬೈಯಲಿಲ್ಲ, ನಗಲಿಲ್ಲ. "ಗಾಡಿ ಎಲ್ಲಿ ಓಡಿಸ್ತೀರಿ?" ಅಂತ ಮಾತ್ರ ಕೇಳಿದರು. ನಾವು ಓಡಿಸುವುದು ತೋರಣಗಲ್ಲು ದಾಟಿ ಸಂಡೂರಿಗೆ, ಅಲ್ಲಿಂದ ಕುಮಾರಸ್ವಾಮಿ ಗುಡಿಯ ಘಾಟಿ. ಆರು ಜನ, ಊಟದ ಡಬ್ಬಿ, ನೀರಿನ ಕ್ಯಾನ್. ಹರಿಕೇನ್ ಇಂಜಿನ್‌ನ ಪೂರ್ತಿ ಎಳೆತ ಸಿಗುವುದು 2000 ಆರ್‌ಪಿಎಂನಲ್ಲಿ. ಘಾಟಿಯಲ್ಲಿ ಸೆಕೆಂಡ್ ಗೇರ್‌ನಲ್ಲಿ ಹತ್ತುವಾಗ ಇಂಜಿನ್ ಇರುವುದೂ ಹೆಚ್ಚು ಕಡಿಮೆ ಅಷ್ಟರಲ್ಲೇ. ರೇಸ್ ಕ್ಯಾಮ್ ಇನ್‌ಲೆಟ್ ವಾಲ್ವ್‌ನ ತಡವಾಗಿ ಮುಚ್ಚುತ್ತದೆ. ಇಂಜಿನ್ ಜೋರಾಗಿ ತಿರುಗುವಾಗ ಒಳಗೆ ಬರುವ ಗಾಳಿಗೆ ಓಟ ಇರುತ್ತದೆ, ಪಿಸ್ಟನ್ ಮೇಲೆ ಬರುತ್ತಿದ್ದರೂ ಇನ್ನಷ್ಟು ನುಗ್ಗುತ್ತದೆ. ನಿಧಾನಕ್ಕೆ ತಿರುಗುವಾಗ ಆ ಓಟ ಇಲ್ಲ. ಎಳೆದುಕೊಂಡ ಗಾಳಿ ಪೆಟ್ರೋಲಿನಲ್ಲಿ ಒಂದು ಪಾಲನ್ನು ಪಿಸ್ಟನ್ನೇ ವಾಪಸ್ ತಳ್ಳುತ್ತದೆ. ನಮ್ಮ ಇಂಜಿನ್‌ನ ಕಂಪ್ರೆಶನ್, ಅಂದರೆ ಒಳಗಿನ ಗಾಳಿ ಪೆಟ್ರೋಲನ್ನು ಪಿಸ್ಟನ್ ಎಷ್ಟು ಒತ್ತುತ್ತದೆ ಅನ್ನುವುದು, ಮೊದಲೇ ಕಡಿಮೆ, ಏಳಕ್ಕೆ ಒಂದರ ಆಸುಪಾಸು. ಅದರಲ್ಲೂ ಕಳೆದುಕೊಂಡರೆ ಘಾಟಿಯಲ್ಲಿ ಇಳಿದು ತಳ್ಳಬೇಕಾಗುತ್ತದೆ.

ಅಮೆರಿಕದ ಆ ಹುಡುಗರೂ ಕ್ಯಾಮ್ ಒಂದನ್ನೇ ಬದಲಿಸಿ ಬಿಟ್ಟವರಲ್ಲ. ಹೆಡ್ ಬದಲಿಸಿ ಕಂಪ್ರೆಶನ್ ಏರಿಸಿದರು. ಎರಡು ಕಾರ್ಬೊರೇಟರ್ ಹಾಕಿದರು. ಸೈಲೆನ್ಸರ್ ಬಿಡುವು ಮಾಡಿದರು. ಗಾಡಿಯ ಮಡ್‌ಗಾರ್ಡ್, ಬಾನೆಟ್ ಕಿತ್ತು ಭಾರ ಇಳಿಸಿದರು. ಆಮೇಲೆ ಸಪಾಟು ನೆಲದಲ್ಲಿ ನೇರ ಓಡಿಸಿದರು. ಅವರ ಕ್ಯಾಮ್ ಅವರ ಗಾಡಿಗೆ ಸರಿ ಇತ್ತು. ಅಕ್ಕನ ಮಗ ಇದನ್ನು ಒಪ್ಪಿಕೊಳ್ಳಲು ಎರಡು ದಿನ ತಗೊಂಡ. ಕೊನೆಗೆ ಮೂಲ ಅಳತೆಗೇ ಗ್ರೈಂಡ್ ಮಾಡಿಸಿದೆವು. ನನಗೆ ಇವತ್ತಿಗೂ ಅದು ಸರಿಯಾದ ತೀರ್ಮಾನ ಅನ್ನಿಸುತ್ತದೆ.

ಕ್ರ್ಯಾಂಕ್ ಗ್ರೈಂಡಿಂಗ್, ಬೋರಿಂಗ್, ಹೋನಿಂಗ್, ವಾಲ್ವ್ ಸೀಟ್ ಕಟಿಂಗ್ ಎಲ್ಲಾ ಅಂಗಡಿಯಲ್ಲೇ ಆಗುತ್ತದೆ. ಕ್ಯಾಮ್ ಗ್ರೈಂಡಿಂಗ್ ಮಾತ್ರ ಇಲ್ಲಿಲ್ಲ, ಲಾರಿ ಪಾರ್ಸೆಲ್‌ನಲ್ಲಿ ಬೆಂಗಳೂರಿಗೆ ಕಳಿಸುತ್ತಾರೆ. ವಾಪಸ್ ಬಂದ ಕ್ಯಾಮ್‌ನ ಚಾಚಾ ವಿ ಬ್ಲಾಕ್ (ವಿ ಆಕಾರದ ಕಚ್ಚಿರುವ ಆಧಾರ) ಮೇಲಿಟ್ಟು ಎಂಟೂ ಉಬ್ಬುಗಳನ್ನು ನನ್ನ ಮುಂದೆಯೇ ಅಳೆದರು. ಬಾಗಿದೆಯಾ ಅಂತ ನಡುವಿನ ಜರ್ನಲ್ (ಬೇರಿಂಗ್‌ನಲ್ಲಿ ಕೂರುವ ಭಾಗ) ನೋಡಿದರು. ಗ್ರೈಂಡ್ ಮಾಡಿದಾಗ ಇಡೀ ಉಬ್ಬು ಸ್ವಲ್ಪ ಸಣ್ಣದಾಗುತ್ತದೆ. ಎತ್ತುವ ಅಳತೆ ಅಷ್ಟೇ ಇದ್ದರೂ ಟ್ಯಾಪೆಟ್ ಕೆಳಗೆ ಕೂರುತ್ತದೆ. ಅದಕ್ಕೆ ಅಡ್ಜಸ್ಟ್ ಸ್ಕ್ರೂಗಳಲ್ಲಿ ಸಾಕಷ್ಟು ಥ್ರೆಡ್ ಉಳಿದಿದೆಯಾ ಅಂತ ಮೊದಲೇ ನೋಡಿಕೊಳ್ಳಬೇಕು. ನಮ್ಮದರಲ್ಲಿ ಇತ್ತು.

ಕ್ಯಾಮ್‌ನ ತಿರುಗಿಸುವ ಟೈಮಿಂಗ್ ಗೇರ್ ಫೈಬರ್‌ದೇ ಹಾಕಿಸಿದೆ. ಸದ್ದು ಕಡಿಮೆ. ಕ್ಯಾಮ್‌ನ ನಾಲ್ಕು ಬೇರಿಂಗ್ ಜಾಗಗಳಲ್ಲಿ ಮುಂದಿನದಕ್ಕೆ ಮಾತ್ರ ಬದಲಿಸುವ ಬುಷ್ ಇದೆ, ಅದನ್ನೂ ಹೊಸದು ಮಾಡಿದರು.

ಮೊದಲ ಸ್ಟಾರ್ಟ್ ಬೆಳಿಗ್ಗೆ ಆರೂವರೆಗೆ. ಬಿಸಿಲು ಏರಿದರೆ ಮೇ ತಿಂಗಳ ಬಳ್ಳಾರಿಯಲ್ಲಿ ಇದು ಆಗದ ಕೆಲಸ. ಉಬ್ಬುಗಳಿಗೆಲ್ಲ ಸವೆಯದಿರಲಿ ಅಂತ ಕಪ್ಪು ಮಾಲಿಬ್ಡಿನಂ ಪೇಸ್ಟ್ ಬಳಿದಿದ್ದರು. ಕಾರ್ಬೊರೇಟರ್‌ಗೆ ಮೊದಲೇ ಪೆಟ್ರೋಲ್ ತುಂಬಿಸಿ, ಪಾಯಿಂಟ್ ಸರಿ ಮಾಡಿ ಇಟ್ಟಿದ್ದರು. ತುಂಬಾ ಹೊತ್ತು ಸೆಲ್ಫ್ ಹೊಡೆದರೆ ಆ ಪೇಸ್ಟ್ ಉಜ್ಜಿ ಹೋಗುತ್ತದೆ. ಎರಡನೇ ಸುತ್ತಿಗೇ ಹತ್ತಿಕೊಂಡಿತು. ತಕ್ಷಣ 2000 ಆರ್‌ಪಿಎಂಗೆ ಏರಿಸಿ ಇಪ್ಪತ್ತು ನಿಮಿಷ ಬಿಡಲಿಲ್ಲ. ಐಡಲ್‌ನಲ್ಲಿ ಕ್ಯಾಮ್ ಮೇಲೆ ಎರಚುವ ಆಯಿಲ್ ಸಾಲದು, ಹೊಸ ಉಬ್ಬು ಸವೆಯುವುದೇ ಆವಾಗ. ರೇಡಿಯೇಟರ್ ಮುಂದೆ ಅಂಗಡಿಯ ಏರ್ ಕೂಲರ್ ಫ್ಯಾನ್ ಇಟ್ಟಿದ್ದರು. ಚಾಚಾ ಥ್ರಾಟಲ್ ಹಿಡಿದು ನಿಂತೇ ಇದ್ದರು. ಮಧ್ಯೆ ಚಹಾ ಬಂತು, ಅದನ್ನೂ ಎಡಗೈಯಲ್ಲೇ ಕುಡಿದರು. ಆಮೇಲೆ ಆಯಿಲ್ ಇಳಿಸಿ ಹೊಸದು ಹಾಕಿದರು. ಹಾಕಿದ್ದು ಲಾರಿಗೆ ಹಾಕುವ 15ಡಬ್ಲ್ಯು40 ಸಿಐ4 ದರ್ಜೆಯ ಆಯಿಲ್. ಕೆಟಲಿಟಿಕ್ ಕನ್ವರ್ಟರ್ ಹಾಳಾಗಬಾರದು ಅಂತ ಹೊಸ ಪೆಟ್ರೋಲ್ ಕಾರುಗಳ ಆಯಿಲ್‌ನಲ್ಲಿ ಜಿಂಕ್ ಅಂಶ ಇಳಿಸಿದ್ದಾರೆ. ಇಂಥ ಹಳೆ ಕಾಲದ ಇಂಜಿನ್‌ಗಳ ಟ್ಯಾಪೆಟ್‌ಗೆ ಬೇಕಾಗಿರುವುದು ಆ ಜಿಂಕೇ.

ಏರ್ ಕ್ಲೀನರ್ ಬಗ್ಗೆ ಚಾಚಾ ಬೈದರು, ನ್ಯಾಯವಾಗಿಯೇ. ಈ ಜೀಪಿನದು ಆಯಿಲ್ ತುಂಬಿದ ಬಟ್ಟಲು. ನಮ್ಮ ಬಟ್ಟಲ ತಳದಲ್ಲಿ ಅರ್ಧ ಇಂಚು ಕೆಂಪು ಕೆಸರು ಕೂತಿತ್ತು. ಸಂಡೂರು ದಾರಿಯ ಅದಿರಿನ ಧೂಳು. ಆಯಿಲ್ ಜೊತೆ ಅದು ಒಳಗೆ ಸೇರಿದರೆ ಎಂಥ ಗಟ್ಟಿ ಕ್ಯಾಮ್ ಆದರೂ ಉಳಿಯಲ್ಲ. ಈಗ ಪ್ರತಿ ಎರಡು ಟ್ರಿಪ್ಪಿಗೆ ನಾನೇ ತೊಳೆಯುತ್ತೇನೆ.

ಅಂಗಡಿಯಲ್ಲಿ ಕೊರತೆಯೂ ಇದೆ. ಹದಿನೈದು ದಿನ ಅಂದಿದ್ದ ಕೆಲಸ ಇಪ್ಪತ್ತಾರು ದಿನ ಆಯಿತು. ಫೋನ್ ಎತ್ತುವುದು ಅಪರೂಪ, ಖುದ್ದಾಗಿ ಹೋಗಿ ನಿಂತರೇ ಕೆಲಸ ಮುಂದೆ ಹೋಗುತ್ತದೆ. ಬಿಲ್ ಅಂದರೆ ಒಂದು ಚೀಟಿ. ನಾನು ಕೇಳಿ ಕೇಳಿ ಬಿಡಿಸಿ ಬರೆಸಿಕೊಂಡೆ: ಕ್ಯಾಮ್ ಗ್ರೈಂಡಿಂಗ್ ಮತ್ತು ಹದ 5,200, ಎಂಟು ಟ್ಯಾಪೆಟ್ 2,800, ಕೂಲಿ 9,000. ಗೇರು, ಬುಷ್, ಗ್ಯಾಸ್ಕೆಟ್ ಬೇರೆ. ಮೂರನೇ ದಿನ ಟೈಮಿಂಗ್ ಕವರ್ ಹತ್ತಿರ ಆಯಿಲ್ ಸೋರಿತು. ತಗೊಂಡು ಹೋದೆ, ಮಾತಿಲ್ಲದೆ ಬಿಚ್ಚಿ ಸೀಲ್ ಬದಲಿಸಿದರು. ದುಡ್ಡು ತಗೊಳ್ಳಲಿಲ್ಲ.

1000 ಕಿಲೋಮೀಟರ್‌ಗೆ ಟ್ಯಾಪೆಟ್ ನೋಡಿಸಿದೆ. ತಣ್ಣಗಿರುವಾಗ ವಾಲ್ವ್ ಸಂದು ಇನ್‌ಲೆಟ್ 0.018 ಇಂಚು, ಎಕ್ಸಾಸ್ಟ್ 0.016 ಇಂಚು ಇರಬೇಕು. ಸಂದು ಅಳೆಯುವ ಫೀಲರ್ ಗೇಜ್ ಎಂಟರಲ್ಲಿ ಏಳಕ್ಕೆ ಸರಿಯಾಗಿ ಹಿಡಿದು ಜಾರಿತು. ಎರಡನೇ ಇನ್‌ಲೆಟ್ ಕೂದಲಷ್ಟು ಸಡಿಲ ಇತ್ತು, ಅಲ್ಲೇ ಸರಿ ಮಾಡಿದರು. ಈಗ 3400 ಆಗಿದೆ. ಹೋದ ಭಾನುವಾರ ಆರು ಜನ ಕೂತು ಘಾಟಿ ಹತ್ತಿದೆವು, ಸೆಕೆಂಡ್ ಗೇರ್‌ನಲ್ಲೇ, ಒಂದು ಸಲವೂ ಸೀನಲಿಲ್ಲ. ಹಿಂದಿನ ಸೀಟಿನಲ್ಲಿದ್ದ ಅಪ್ಪ ದಾರಿ ಉದ್ದಕ್ಕೂ ಇಂಜಿನ್ ಕಡೆಗೇ ಕಿವಿ ಕೊಟ್ಟು ಕೂತಿದ್ದರು.

ಅಂಗಡಿಗೆ ಹೋಗುವವರು ಶುಕ್ರವಾರ ಮಧ್ಯಾಹ್ನ ಬಿಟ್ಟು ಹೋಗಿ, ನಮಾಜಿಗೆ ಮುಚ್ಚಿರುತ್ತದೆ. ಹಳೆ ಕ್ಯಾಮ್ ಎಷ್ಟೇ ಸವೆದಿದ್ದರೂ ಗುಜರಿಗೆ ಹಾಕದೆ ತಗೊಂಡು ಹೋಗಿ. ಜೊತೆಗೆ ಎಂಟೂ ಟ್ಯಾಪೆಟ್, ಯಾವುದು ಯಾವ ಸಿಲಿಂಡರ್‌ದು ಅಂತ ನಂಬರ್ ಬರೆದು. ಚಾಚಾ ಮೊದಲು ಕೇಳುವುದು ಅದನ್ನೇ.